ಹುರುಳಿ ಹೊಲದ ಮೇಲೆ ನಿಂತ ಹಕ್ಕಿ

ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಮೇ ತಿಂಗಳ ಒಂದು ಪುಟವಿದೆ. ‘ಹದಿನಾರು ದಾಟಿ ಹೊಲದ ಮೇಲೆ ಕೆಸ್ಟ್ರೆಲ್ ಒಂದು, ಗಾಳಿಯಲ್ಲಿ ನಿಂತು ಬೇಟೆ’ ಎಂದು ಬರೆದು, ಖುಷಿಗೆ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ. ಮೈಸೂರಿನ ಹಿರಿಯ ಪಕ್ಷಿವೀಕ್ಷಕರೊಬ್ಬರು ಅದನ್ನು ಓದಿ ನಗಲಿಲ್ಲ, ಪುಣ್ಯಾತ್ಮರು. ‘ಕಣ್ಣು ಯಾವ ಬಣ್ಣ ಇತ್ತು?’ ಎಂದಷ್ಟೇ ಕೇಳಿದರು. ಕೆಂಪು ಅಂದೆ. ‘ಹಾಗಾದ್ರೆ ಇಡೀ ವರ್ಷದ ಲೆಕ್ಕ ಇನ್ನೊಂದು ಸಲ ನೋಡ್ಕೊಳ್ಳಿ’ ಎಂದು ಪುಸ್ತಕ ಮಡಚಿ ಕೈಗಿಟ್ಟರು.

ಆಗ ನನಗೆ ನಂಜನಗೂಡಿನಲ್ಲಿ ಮನೆ, ತಿ. ನರಸೀಪುರದಲ್ಲಿ ಬ್ಯಾಂಕ್ ಕೆಲಸ. ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿ, ಬೈಕಿನಲ್ಲಿ. ಕಪಿಲೆಯ ಬಯಲು ಅದು. ನಾಲೆ ನೀರು ಮುಟ್ಟಿದ ಕಡೆ ಗದ್ದೆ, ಕಬ್ಬು, ಬಾಳೆ. ಮುಟ್ಟದ ಕಡೆ ಎರೆ ಹೊಲ, ಜೋಳ, ಹತ್ತಿ, ಹುರುಳಿ. ಅರ್ಧ ಗಂಟೆ ಮುಂಚೆ ಹೊರಟರೆ ದಾರಿಯಲ್ಲಿ ನಿಂತು ಹಕ್ಕಿ ನೋಡಬಹುದು ಎಂದು ಕಂಡುಕೊಂಡಿದ್ದೆ. ಹದಿನಾರು ಎಂಬ ಊರಿನ ಕೆರೆಯ ಹೆಸರು ಪಕ್ಷಿಪ್ರಿಯರಿಗೆಲ್ಲ ಗೊತ್ತು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಕಟ್ಟಿಸಿಕೊಂಡ ಬಾತುಗಳೂ ಇಲ್ಲಿ ಕಂಡಿವೆ. ಮೊಣಕೈ ಉದ್ದದ ಲೆನ್ಸು ಹಿಡಿದು ಬಂದವರೆಲ್ಲ ಕೆರೆಯತ್ತ ಮುಖ ಮಾಡಿ ನಿಲ್ಲುತ್ತಾರೆ. ನಾನು ಒಂದು ದಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಕೆರೆಗೆ ಬೆನ್ನು ಹಾಕಿದೆ. ಎದುರಿಗೆ ಬರಿ ಹೊಲ. ಹೊಲದ ಮೇಲೆ, ದಾರದಲ್ಲಿ ಕಟ್ಟಿ ಇಳಿಬಿಟ್ಟ ಹಾಗೆ, ಒಂದು ಹಕ್ಕಿ.

ಅದು ನಿಜಕ್ಕೂ ಕೆಸ್ಟ್ರೆಲ್. ನಮ್ಮ ಪಕ್ಷಿ ಪುಸ್ತಕಗಳಲ್ಲಿ ಚಾಣ ಎಂದು ಕರೆಯುವ ಗುಂಪಿನದು. ಇಟ್ಟಿಗೆ ಬಣ್ಣದ ಬೆನ್ನು, ಅದರ ಮೇಲೆ ಕಪ್ಪು ಚುಕ್ಕೆ, ಬೀಸಣಿಗೆಯಂತೆ ಬಿಡಿಸಿದ ಬೂದು ಬಾಲ, ಬಾಲದ ತುದಿಗೆ ದಪ್ಪ ಕಪ್ಪು ಅಂಚು. ತಲೆಯೂ ಬೂದು, ಅಂದರೆ ಗಂಡು. ತೂಕ ಇನ್ನೂರು ಗ್ರಾಂ ಆಸುಪಾಸು. ರೆಕ್ಕೆ ಬಡಿಯುತ್ತಿದೆ, ಬಾಲ ಅತ್ತಿತ್ತ ತಿರುಗುತ್ತಿದೆ, ಮೈ ತೂಗುತ್ತಿದೆ. ತಲೆ ಮಾತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಲ್ಲೇ ನಿಂತಿದೆ. ನೆದರ್ಲೆಂಡ್ಸಿನ ಸಂಶೋಧಕರು 1980ರ ದಶಕದಲ್ಲಿ ಇದನ್ನು ಚಿತ್ರೀಕರಿಸಿ ಅಳೆದರು. ಗಾಳಿಯಲ್ಲಿ ನಿಂತ ಕೆಸ್ಟ್ರೆಲ್‌ನ ತಲೆ ಆರು ಮಿಲಿಮೀಟರಿಗಿಂತ ಹೆಚ್ಚು ಕದಲಲಿಲ್ಲವಂತೆ. ‘ನಿಂತಿದೆ’ ಎನ್ನುವುದು ನಮ್ಮ ಮಾತು. ಹಕ್ಕಿ ಹಾರುತ್ತಲೇ ಇರುತ್ತದೆ. ಎದುರುಗಾಳಿ ಎಷ್ಟು ವೇಗದಲ್ಲಿ ಹಿಂದಕ್ಕೆ ತಳ್ಳುತ್ತದೋ ಅಷ್ಟೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಗಾಳಿ ಜೋರಿದ್ದರೆ ರೆಕ್ಕೆ ಬಡಿಯದೆಯೂ ಕ್ಷಣಕಾಲ ನಿಲ್ಲುತ್ತದೆ. ಗಾಳಿಯೇ ಇಲ್ಲದಿದ್ದರೆ ಆ ಕೆಲಸ ತುಂಬ ದುಬಾರಿ.

ಆ ಒಂದು ನೋಟದ ಅಮಲಿನಲ್ಲಿ ಮುಂದೆ ಗಾಳಿಯಲ್ಲಿ ನಿಂತದ್ದೆಲ್ಲ ನನಗೆ ಕೆಸ್ಟ್ರೆಲ್ ಆಯಿತು. ನೋಟ್‌ಬುಕ್ಕು ತುಂಬಿತು. ಕೆಂಪು ಕಣ್ಣಿನ ಪ್ರಶ್ನೆ ಬಂದ ಮೇಲೆ ಕೂತು ನೋಡಿದರೆ ಅರ್ಧಕ್ಕರ್ಧ ಸುಳ್ಳು ಲೆಕ್ಕ. ನಮ್ಮ ಬಯಲಿನಲ್ಲಿ ವರ್ಷವಿಡೀ ಇರುವುದು ಕಪ್ಪುರೆಕ್ಕೆಯ ಹದ್ದು, ರಾಮದಾಸ ಹದ್ದು ಎಂದೂ ಹೆಸರು. ಗಾತ್ರ ಹೆಚ್ಚುಕಮ್ಮಿ ಅಷ್ಟೇ, ನಿಲ್ಲುವ ವಿದ್ಯೆಯೂ ಗೊತ್ತು. ಆದರೆ ಮೈ ಬಿಳಿ-ಬೂದು, ಹೆಗಲು ಕಪ್ಪು, ಬಾಲ ಮೋಟು, ಕಣ್ಣು ಕೆಂಡ. ಇಳಿಯುವಾಗ ರೆಕ್ಕೆ ಎರಡನ್ನೂ ಮೇಲಕ್ಕೆತ್ತಿ, ಕಾಲು ಜೋಲುಬಿಟ್ಟು, ಮೆಟ್ಟಿಲಿಳಿದಂತೆ ಹಂತ ಹಂತವಾಗಿ ಇಳಿಯುತ್ತದೆ. ಅದಕ್ಕೆ ಇಲಿ ಬೇಕು. ಕೆಸ್ಟ್ರೆಲ್ ಕೊನೆಯ ನೆಗೆತವನ್ನು ತಲೆ ಕೆಳಗಾಗಿ ಹಾಕುತ್ತದೆ, ನೆಲ ಮುಟ್ಟುವ ಹೊತ್ತಿಗೆ ಕಾಲು ಮುಂದೆ ಚಾಚುತ್ತದೆ. ಬಯಲಲ್ಲಿ ಹೀಗೆ ನಿಲ್ಲುವ ದೊಡ್ಡದೊಂದಿದೆ, ಹಾವು ತಿನ್ನುವ ಗಿಡುಗ. ಅದು ನಿಂತರೆ ತಂಬೂರಿ ನೇತುಹಾಕಿದಂತೆ ಕಾಣುತ್ತದೆ, ಮೋಸಹೋಗುವ ಹಾಗಿಲ್ಲ. ತಿರುಮಕೂಡಲಿನ ಸಂಗಮದ ಹತ್ತಿರ ನೀರಿನ ಮೇಲೆ ನಿಂತು ಕೊಕ್ಕು ಕೆಳಗೆ ಮಾಡಿ ದೊಪ್ಪನೆ ಬೀಳುವುದು ಕಪ್ಪು-ಬಿಳಿ ಮಿಂಚುಳ್ಳಿ. ಅದನ್ನು ಮಾತ್ರ ನಾನು ಕೆಸ್ಟ್ರೆಲ್ ಎಂದು ಬರೆದಿರಲಿಲ್ಲ. ಅಷ್ಟಾದರೂ ಮರ್ಯಾದೆ ಉಳಿದಿತ್ತು.

ತಿಂಗಳು ನೋಡಿದ್ದರೂ ಸಾಕಿತ್ತು. ನಮ್ಮ ಬಯಲಿಗೆ ಕೆಸ್ಟ್ರೆಲ್ ಚಳಿಗಾಲದ ಅತಿಥಿ. ಅಕ್ಟೋಬರಿನ ಸುಮಾರಿಗೆ ಬಂದು, ಬಿಸಿಲು ಏರುವ ಹೊತ್ತಿಗೆ ಉತ್ತರಕ್ಕೆ ಹೊರಡುತ್ತದೆ. ನೀಲಗಿರಿ, ಪಶ್ಚಿಮಘಟ್ಟದ ಬಂಡೆಗೋಡೆಗಳಲ್ಲಿ ಅಲ್ಲಿಯೇ ಗೂಡು ಮಾಡುವ, ಬಣ್ಣ ಗಾಢವಾದ ಒಳಜಾತಿಯೊಂದಿದೆ, ನಿಜ. ಮೇ ತಿಂಗಳ ನನ್ನ ಹಕ್ಕಿಗೆ ಆ ನೆಪವನ್ನೂ ಹೂಡಿ ನೋಡಿದೆ. ಕೆಂಪು ಕಣ್ಣು ಬಿಡಲಿಲ್ಲ.

ಎರಡನೆಯ ಚಳಿಗಾಲ ಫೋಟೊ ಹುಚ್ಚು ಹಿಡಿಯಿತು. ಕಂತಿನಲ್ಲಿ ಕ್ಯಾಮೆರಾ ತಂದೆ. ಹಕ್ಕಿ ಕಂಡ ತಕ್ಷಣ ಬೈಕು ನಿಲ್ಲಿಸಿ, ಬದು ಹಾರಿ, ಹೊಲಕ್ಕಿಳಿದು ಅದರತ್ತ ನಡೆಯುವುದು. ಅದು ಇನ್ನೂರು ಮೀಟರ್ ಆಚೆ ಹೋಗಿ ನಿಲ್ಲುವುದು. ನಾನು ಮತ್ತೆ ನಡೆಯುವುದು. ಮಳೆ ಬಿದ್ದ ಮಾರನೆಯ ದಿನವೂ ಹೀಗೆ ಎರೆ ಮಣ್ಣಿಗೆ ಇಳಿದಿದ್ದೆ. ಎರೆ ನೆಲ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ: ಒಂದೊಂದು ಬೂಟಿಗೂ ಎರಡೆರಡು ಸೇರು ಮಣ್ಣು. ಆ ದಿನ ಬ್ಯಾಂಕಿನ ಕೌಂಟರಿನ ಹಿಂದೆ ಬರಿಗಾಲಲ್ಲಿ ಕೂತೆ.

ನಡೆಯುವುದರಿಂದ ಸಿಗುವುದಿಲ್ಲ, ನಿಲ್ಲುವ ಜಾಗದಿಂದ ಸಿಗುತ್ತದೆ ಎನ್ನುವುದು ತಡವಾಗಿ ಹೊಳೆಯಿತು. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಬೀಸುವುದು ಮೂಡುಗಾಳಿ. ಹಕ್ಕಿ ಗಾಳಿಗೆ ಎದುರಾಗಿಯೇ ನಿಲ್ಲಬೇಕು, ಅಂದರೆ ಮೂಡಣಕ್ಕೆ ಮುಖ. ಬೆಳಗಿನ ಸೂರ್ಯನೂ ಅಲ್ಲೇ. ಹೊಲದ ಮೂಡಣ ಬದುವಿನಲ್ಲಿ, ಬಿಸಿಲನ್ನು ಬೆನ್ನಿಗೆ ತೆಗೆದುಕೊಂಡು ಸುಮ್ಮನೆ ಕೂತರೆ ಗಾಳಿ ಮತ್ತು ಬೆಳಕು ಎರಡೂ ಸೇರಿ ಹಕ್ಕಿಯ ಮುಖವನ್ನು ನನ್ನ ಕಡೆ ತಿರುಗಿಸಿ ಇಡುತ್ತವೆ. ಎರಡು ವರ್ಷ ನಾನು ಪಡುವಣ ಕಡೆಯ ರಸ್ತೆಯಲ್ಲೇ ನಿಂತು, ಬೆಳಕಿಗೆದುರಾಗಿ, ಕರಿ ನೆರಳಿನಂಥ ಹಿಂಭಾಗದ ಫೋಟೊ ತೆಗೆದಿದ್ದೆ. ಬಿಸಿಲೇರಿ ಗಾಳಿ ಸತ್ತರೆ ಆಟ ಮುಗಿಯಿತು. ಆಮೇಲೆ ಅದನ್ನು ಆಕಾಶದಲ್ಲಿ ಹುಡುಕಬಾರದು, ಕರೆಂಟು ಕಂಬದ ಮೇಲೆ ಹುಡುಕಬೇಕು. ನಿಂತು ಬೇಟೆಯಾಡಿದರೆ ಗಂಟೆಗೆ ಸಿಗುವುದು ಹೆಚ್ಚು, ಖರ್ಚೂ ಹೆಚ್ಚು; ಕಂಬದ ಮೇಲೆ ಕೂತರೆ ಸಿಗುವುದು ಕಡಿಮೆ, ಖರ್ಚು ಇಲ್ಲವೆನ್ನುವಷ್ಟು. ಬ್ಯಾಂಕಿನವನಿಗೆ ಈ ಲೆಕ್ಕ ಸಲೀಸಾಗಿ ಅರ್ಥವಾಯಿತು.

ಇಷ್ಟೆಲ್ಲ ಕಲಿತರೂ ನೋಡುತ್ತಿದ್ದದ್ದು ಹಕ್ಕಿಯನ್ನೇ. ಸುತ್ತೂರಿನ ಜಾತ್ರೆ ಹತ್ತಿರವಾಗಿದ್ದ ಒಂದು ಬೆಳಿಗ್ಗೆ, ನಾಲ್ಕೈದು ಹೆಣ್ಣುಮಕ್ಕಳು ಹುರುಳಿ ಕೀಳುತ್ತಿದ್ದ ಹೊಲದ ಬದುವಿನಲ್ಲಿ ಕೂತಿದ್ದೆ. ಇಬ್ಬನಿ ಆರುವ ಮುಂಚೆಯೇ ಹುರುಳಿ ಕೀಳಬೇಕು, ಬಿಸಿಲಾದರೆ ಕಾಯಿ ಒಡೆದು ಸಿಡಿಯುತ್ತದೆ. ಅವರು ಬಗ್ಗಿದವರು ತಲೆ ಎತ್ತುತ್ತಿರಲಿಲ್ಲ. ಹಕ್ಕಿ ಅವರ ಹಿಂದೆ ಮೂವತ್ತು ಮಾರು ದೂರದಲ್ಲಿ ನಿಂತಿತ್ತು. ಅವರು ಮುಂದೆ ಸರಿದಂತೆ ಅದೂ ಸರಿಯುತ್ತಿತ್ತು. ನಾನು ಬೈನಾಕ್ಯುಲರ್ ಇಳಿಸಲೇ ಇಲ್ಲ.

‘ಏನ್ ಸಾ, ಆಗ್ಲಿಂದ ಮೇಲ್ಕೇ ನೋಡ್ತಾ ಇದ್ದೀರಿ, ಕತ್ತು ನೋಯಕಿಲ್ವಾ?’ ಎಂದಳು ಅವರಲ್ಲಿ ಹಿರಿಯಳಾದ ಒಬ್ಬಾಕೆ.

‘ಆ ಹಕ್ಕಿ ಏನು ಹಿಡಿಯುತ್ತೆ ಅಂತ ನೋಡ್ತಿದೀನಿ ಅಕ್ಕ.’

‘ಅಕ್ಕಿ ನೋಡುದ್ರೆ ಎಂಗ್ ಗೊತ್ತಾದ್ದು? ಇಲ್ಲಿ ನೋಡಿ,’ ಎಂದು ಕಿತ್ತ ಸಾಲಿನ ಕಡೆ ಕೈ ಮಾಡಿದಳು. ‘ನಾವು ಕಿತ್ತಂಗೆಲ್ಲ ಮಿಡ್ತೆ ಎದ್ದು ಬರಿ ನೆಲಕ್ ಬೀಳ್ತವೆ. ಅದಕ್ಕೇ ಬತ್ತದೆ ನಮ್ಮಿಂದೆ. ನಿಮ್ಮನ್ ನೋಡಕಲ್ಲ.’

ಉಳಿದವರು ನಕ್ಕರು. ಆ ಹಕ್ಕಿಗೆ ಹೆಸರೇನು ಎಂದು ಕೇಳಿದೆ. ‘ಯಾವ್ದೋ ಡ್ಯಾಗೆ ಕನ ಬುಡಿ’ ಎಂದು ಬಗ್ಗಿದಳು.

ಬೈನಾಕ್ಯುಲರನ್ನು ನೆಲಕ್ಕೆ ಇಳಿಸಿದೆ. ಬರಿದಾದ ಸಾಲಿನಲ್ಲಿ ಬೂದು ಮಿಡತೆಗಳು ಮರೆ ತಪ್ಪಿ ದಿಕ್ಕೆಟ್ಟು ನೆಗೆಯುತ್ತಿದ್ದವು. ಹುರುಳಿ ಗಿಡ ಇದ್ದಷ್ಟು ದಿನ ಅವು ಕಾಣುತ್ತಿರಲಿಲ್ಲ; ಗಿಡ ಬುಡಸಮೇತ ಹೋದ ಆ ಎರಡು ದಿನ ಇಡೀ ಹೊಲವೇ ತಟ್ಟೆ. ಹಕ್ಕಿ ಇಳಿಯಿತು, ಏರಿತು, ಹಾರುತ್ತಲೇ ಕಾಲನ್ನು ಕೊಕ್ಕಿಗೆ ತಂದು ತಿಂದಿತು. ಅಷ್ಟು ದಿನ ನನಗೆ ‘ತಪ್ಪಿತು’ ಎನಿಸಿದ್ದ ಎಷ್ಟೋ ಇಳಿತಗಳಲ್ಲಿ ಅದರ ಕಾಲಲ್ಲಿ ಹೀಗೆ ಮಿಡತೆ ಇತ್ತೋ ಏನೋ. ನಾನು ಇಲಿಯನ್ನು ನಿರೀಕ್ಷಿಸುತ್ತಿದ್ದೆ.

ಇಲಿಯ ಹುಚ್ಚು ನನಗೆ ಓದಿನಿಂದ ಹತ್ತಿದ್ದು. 1995ರಲ್ಲಿ ಫಿನ್ಲೆಂಡಿನ ಸಂಶೋಧಕರು, ಅಲ್ಲಿನ ಹುಲ್ಲುಗಾವಲಿನ ಇಲಿಗಳ ಮೂತ್ರದ ಜಾಡು ಅತಿನೇರಳೆ ಬೆಳಕಿನಲ್ಲಿ ಕಾಣುತ್ತದೆ, ಕೆಸ್ಟ್ರೆಲ್ ಅದನ್ನು ನೋಡಿಯೇ ಬೇಟೆಯ ಜಾಗ ಆರಿಸಿಕೊಳ್ಳುತ್ತದೆ ಎಂದು ಪ್ರಕಟಿಸಿದ್ದರು. ಎಂಥ ಸೊಗಸಾದ ಕತೆ! ವನ್ಯಜೀವಿ ಸಪ್ತಾಹಕ್ಕೆ ಕರೆದ ಶಾಲೆಯಲ್ಲೆಲ್ಲ ಹೇಳುತ್ತಿದ್ದೆ. ಒಂದು ಕಡೆ ಏಳನೇ ಕ್ಲಾಸಿನ ಹುಡುಗನೊಬ್ಬ ಎದ್ದು, ‘ಹೊಲದಲ್ಲಿ ಕುರಿ, ನಾಯಿ, ಎಲ್ಲಾನೂ ಉಚ್ಚೆ ಹುಯ್ತವೆ ಸಾರ್, ಇಲೀದು ಯಾವ್ದು ಅಂತ ಹೆಂಗ್ ಗೊತ್ತಾಯ್ತದೆ?’ ಎಂದ. ಮಕ್ಕಳೆಲ್ಲ ಹೋ ಎಂದವು; ನಾನೂ ನಕ್ಕು ತೇಲಿಸಿದೆ. ಆಮೇಲೆ ಗೊತ್ತಾದದ್ದು, 2013ರಲ್ಲಿ ಸ್ವೀಡನ್ನಿನವರು ಬೇಟೆಹಕ್ಕಿಗಳ ಕಣ್ಣನ್ನೇ ಅಳೆದು, ಅತಿನೇರಳೆ ಬೆಳಕು ಆ ಕಣ್ಣಿನೊಳಗೆ ಹೋಗುವುದೇ ಕಡಿಮೆ, ಮೂತ್ರದ ಜಾಡು ಅವಕ್ಕೆ ಎದ್ದು ಕಾಣುವುದು ಅನುಮಾನ ಎಂದು ತೋರಿಸಿದ್ದರು. ಹುಡುಗನ ಗುಮಾನಿ ಸರಿಯಾದ ದಿಕ್ಕಿನಲ್ಲೇ ಇತ್ತು. ಮಾರನೆಯ ವರ್ಷ ಅದೇ ಶಾಲೆಗೆ ಹೋಗಿ ಕತೆ ವಾಪಸು ತೆಗೆದುಕೊಂಡೆ. ಆ ಹುಡುಗ ಹೈಸ್ಕೂಲಿಗೆ ಹೋಗಿಬಿಟ್ಟಿದ್ದ, ಅದೊಂದು ಬೇಜಾರು.

ಉಪಕಾರ ಮಾಡಲು ಹೋಗಿ ಕೆಟ್ಟದ್ದೂ ಉಂಟು. ಕಾಯಿಕೊರಕದ ಹುಳ ಹೆಕ್ಕಲು ಹಕ್ಕಿಗಳಿಗೆ ಅನುಕೂಲವಾಗಲಿ ಎಂದು ಹೊಲದಲ್ಲಿ ಅಡ್ಡಪಟ್ಟಿ ಹೊಡೆದ ಕೋಲು ನೆಡಲು ಕೃಷಿಯವರು ಹೇಳುತ್ತಾರೆ. ಗೆಳೆಯನೊಬ್ಬನ ತೊಗರಿ ಹೊಲದಲ್ಲಿ ನಾನೂ ಆರು ಕೋಲು ನೆಟ್ಟೆ. ಕೆಸ್ಟ್ರೆಲ್ ಅಲ್ಲಿ ಕೂರುತ್ತದೆ, ಹತ್ತಿರದಿಂದ ನೋಡಬಹುದು ಎಂಬ ದುರಾಸೆ ಒಳಗಿತ್ತು. ಒಂದೇ ದಿನದಲ್ಲಿ ಆರಕ್ಕೆ ಆರೂ ಕಾಜಾಣಗಳ ಪಾಲಾದವು. ತೊಗರಿಗೆ ಒಳ್ಳೆಯದೇ ಆಯಿತು. ಕಾಜಾಣ ಮಾತ್ರ ತನಗಿಂತ ದೊಡ್ಡ ಗಿಡುಗನನ್ನೂ ಬೆನ್ನಟ್ಟುವ ಜಗಳಗಂಟ. ಕೆಸ್ಟ್ರೆಲ್ ಆ ಹೊಲದ ಮೇಲೆ ನಿಂತಾಗೆಲ್ಲ ಎರಡು ಕಾಜಾಣ ಹೋಗಿ ಅದರ ನೆತ್ತಿಗೆ ಎರಗುತ್ತಿದ್ದವು. ಮೂರನೆಯ ದಿನದಿಂದ ಅದು ಪಕ್ಕದ ಬೀಳಿಗೆ ಹೋಯಿತು. ‘ನಿನ್ ಅಕ್ಕೀನ ನೀನೇ ಓಡಿಸ್ದಲ್ಲೋ’ ಎಂದು ಗೆಳೆಯ ಈಗಲೂ ಹಂಗಿಸುತ್ತಾನೆ.

ಈಗ ನೋಟ್‌ಬುಕ್ಕಿನ ಪುಟಗಳು ಬೇರೆ ಥರ ಇವೆ. ಹಕ್ಕಿಯ ಹೆಸರಿನ ಮುಂದೆ ಬೆಳೆ ಬರೆಯುತ್ತೇನೆ, ಕಿತ್ತು ಎಷ್ಟು ದಿನವಾಯಿತು, ಕೂಳೆ ಇದೆಯೋ ಉತ್ತಿದ್ದಾರೋ, ಗಾಳಿ ಎತ್ತ ಕಡೆಯದು ಎಂದು ಬರೆಯುತ್ತೇನೆ. ನಾಲೆ ನೀರು ಬಂದು ಹೊಲ ಗದ್ದೆಯಾದ ಕಡೆ ಬಕ, ಬೆಳ್ಳಕ್ಕಿ ಬಂದವು, ಕೆಸ್ಟ್ರೆಲ್ ಬರಲಿಲ್ಲ. ಕಲ್ಲು ನೆಟ್ಟು ಸೈಟು ಮಾಡಿದ ಹೊಲಗಳಲ್ಲಿ, ಮನೆ ಏಳುವ ತನಕ, ಅದು ಬಂದು ನಿಲ್ಲುತ್ತದೆ. ಅಲ್ಲಿ ಹುಲ್ಲು ಬೆಳೆದಿರುತ್ತದಲ್ಲ. ಇದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯುವುದಿಲ್ಲ.

ಹೋದ ಫೆಬ್ರವರಿಯ ಕೊನೆ. ಕಿತ್ತು ತಿಂಗಳಾಗಿದ್ದ ಹುರುಳಿ ಹೊಲ, ಎರೆ ನೆಲ ಒಣಗಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಮೂಡಣ ಬದುವಿನಲ್ಲಿ ಕೂತು ಮೊದಲು ನೆಲವನ್ನು ನೋಡಿದೆ. ಒಂದು ಹೆಂಟೆಯ ಮೇಲೆ ಓತಿಕ್ಯಾತ ಕತ್ತೆತ್ತಿ ಬಿಸಿಲು ಕಾಯಿಸುತ್ತಿತ್ತು. ಅದನ್ನೇ ನೋಡುತ್ತ ಕೂತೆ. ಹತ್ತು ನಿಮಿಷವೋ ಹದಿನೈದೋ. ಓತಿಕ್ಯಾತ ತಲೆಯನ್ನು ಒಂದು ಕಡೆಗೆ ವಾರೆ ಮಾಡಿತು, ಒಂದೇ ಕಣ್ಣು ಆಕಾಶಕ್ಕೆ. ಆಗ ನಾನೂ ಮೇಲೆ ನೋಡಿದೆ. ಕಂದು ಬಾಲಕ್ಕೆ ಪಟ್ಟೆ ಪಟ್ಟೆ, ಹೆಣ್ಣು. ನಿಂತಿತು, ನಾಲ್ಕು ಮಾರು ಜಾರಿ ಇಳಿದು ಮತ್ತೆ ನಿಂತಿತು. ರೆಕ್ಕೆ ಮಡಚಿತು. ದೂಳು ಎದ್ದ ಕಡೆ ಹೆಂಟೆ ಖಾಲಿ, ಬಿರುಕಿನ ಬಾಯಲ್ಲಿ ಬಾಲದ ತುದಿ ಒಳಗೆ ಸರಿಯುತ್ತಿತ್ತು. ಹಕ್ಕಿ ನೆಲದ ಮೇಲೆ ಎರಡು ಹೆಜ್ಜೆ ನಡೆದು, ಬಿರುಕಿನೊಳಗೆ ಬಗ್ಗಿ ನೋಡಿ, ಎದ್ದು ಪಕ್ಕದ ಹೊಲಕ್ಕೆ ಹೋಯಿತು.