ಗ್ರಿಪ್ ಇದೆ, ಆಯಸ್ಸು ಮುಗಿದಿದೆ

ಟ್ರಾವೆಲ್ ಟ್ರೇಲರ್ ಇಟ್ಟುಕೊಂಡವರಿಗೆ ಸಾಲದ ಕಂತು, ವಿಮೆ, ಗಾಡಿ ನಿಲ್ಲಿಸುವ ಜಾಗದ ಬಾಡಿಗೆ ಇವೆಲ್ಲ ತಿಂಗಳು ತಿಂಗಳು ನೆನಪಾಗುವ ಖರ್ಚುಗಳು. ಟೈರು ಹಾಗಲ್ಲ. ವರ್ಷಗಟ್ಟಲೆ ಸುಮ್ಮನಿದ್ದು, ಕೇಳುವ ದಿನ ಹೆದ್ದಾರಿಯ ನಡುವೆ ನಿಲ್ಲಿಸಿ ಕೇಳುತ್ತದೆ.

ನಾವಿರುವುದು ಅರಿಜೋನಾದ ಫೀನಿಕ್ಸಿನಲ್ಲಿ. ಪಿಕಪ್ ಟ್ರಕ್ಕಿನ ಹಿಂದೆ ಎಳೆದೊಯ್ಯುವ, ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಗಾಲಿ ಮನೆ ನಮ್ಮದು. ಎರಡು ಆಕ್ಸಲ್, ನಾಲ್ಕು ಟೈರು, ಹಿಂದಿನ ಬಂಪರಿಗೆ ಬಿಗಿದ ಒಂದು ಸ್ಟೆಪ್ನಿ. ಐದು ವರ್ಷ ತುಂಬಿತು, ಐದನ್ನೂ ಬದಲಿಸುತ್ತೇನೆ ಎಂದಾಗ ಹಾಸನದಿಂದ ಬಂದಿದ್ದ ಅಪ್ಪ ಬಗ್ಗಿ ಟೈರಿನ ಮೇಲೆ ಕೈಯಾಡಿಸಿದರು. "ಗ್ರಿಪ್ ಹೊಸದರ ಹಾಗಿದೆಯಲ್ಲೋ, ಇದನ್ನ ಎಸೀತೀಯಾ? ದುಡ್ಡು ಹೆಚ್ಚಾಯ್ತಾ ನಿಂಗೆ?" ಸ್ಕೂಟರಿನ ಮುಂದಿನ ಟೈರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿ ಬೋಳಾಗುವ ತನಕ ಓಡಿಸಿದವರು ಅವರು. ದಿನಾ ಓಡುವ ಗಾಡಿಗೆ ಅವರ ಲೆಕ್ಕ ಸರಿ.

ಟ್ರೇಲರ್ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಟೈರಿನ ರಬ್ಬರಿನಲ್ಲಿ ಅದನ್ನು ಕಾಪಾಡುವ ಮೇಣ ಮತ್ತು ರಾಸಾಯನಿಕಗಳಿರುತ್ತವೆ. ಉರುಳುತ್ತಾ ರಬ್ಬರು ಬಾಗಿ ಬಳುಕಿದರೆ ಅವು ಮೇಲಕ್ಕೆ ಬರುತ್ತವೆ. ನಿಂತಲ್ಲೇ ನಿಂತರೆ ಸರಿಯಾಗಿ ಬರುವುದಿಲ್ಲ. ಬಿಸಿಲು, ಓಝೋನ್ ಸೇರಿ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿಸುತ್ತವೆ. ಅದು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗವೆಂದರೆ, ಒಳಗಿನ ಉಕ್ಕಿನ ಬೆಲ್ಟುಗಳನ್ನು ಹಿಡಿದಿಟ್ಟ ರಬ್ಬರು ಆಮ್ಲಜನಕ ಕುಡಿದು ನಿಧಾನವಾಗಿ ಗಡಸಾಗಿ ಹಿಡಿತ ಬಿಡುವುದು. ಶಾಖ ಹೆಚ್ಚಿದಷ್ಟೂ ಇದು ಬೇಗ. 2023ರ ಬೇಸಿಗೆಯಲ್ಲಿ ನಮ್ಮೂರಲ್ಲಿ ಸತತ 31 ದಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಸೆಲ್ಸಿಯಸ್ ಮುಟ್ಟಿತ್ತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಟೈರುಗಳ ಮುಪ್ಪನ್ನು ಅಧ್ಯಯನ ಮಾಡಲು ಬಳಸಿದ ಟೈರುಗಳನ್ನು ಕಲೆಹಾಕಿದ್ದೂ ಇದೇ ಫೀನಿಕ್ಸಿನಲ್ಲಿ.

ಟೈರು ಸಿಡಿದರೆ ಹೋಗುವುದು ಟೈರೊಂದೇ ಆಗಿದ್ದರೆ ನಾನೂ ಅಪ್ಪನ ಪಕ್ಷವೇ. ಆದರೆ ಟೈರಿನಿಂದ ಕಿತ್ತುಬಂದ ಗ್ರಿಪ್ಪಿನ ಪಟ್ಟಿ ಚಕ್ರದ ಜೊತೆ ಸುತ್ತುತ್ತಾ ಮಡ್‌ಗಾರ್ಡ್ ಒಡೆಯುತ್ತದೆ, ವೈರು, ನೀರಿನ ಪೈಪು ಕೀಳುತ್ತದೆ, ಕೆಲವೊಮ್ಮೆ ನೆಲವನ್ನೇ ಸೀಳುತ್ತದೆ. ಆ ರಿಪೇರಿ ಸಾವಿರಾರು ಡಾಲರಿನದು. ವಿಮೆ ಇದ್ದರೂ ಮೊದಲ ಪಾಲು ನಮ್ಮ ಜೇಬಿನಿಂದಲೇ.

ಈಗ ಲೆಕ್ಕ. ಐದು ಟೈರು, ಜೋಡಣೆ, ಬ್ಯಾಲೆನ್ಸಿಂಗ್, ಹಳೆಯದರ ವಿಲೇವಾರಿ, ತೆರಿಗೆ ಸೇರಿ ನನಗೆ ಬಿದ್ದದ್ದು ಸುಮಾರು 750 ಡಾಲರ್. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 150. ಏಳು ವರ್ಷ ಎಳೆದರೆ ವರ್ಷಕ್ಕೆ 107. ಉಳಿತಾಯ 43 ಡಾಲರ್. ಆ ದುಡ್ಡಿಗೆ ಇಂಥ ಗಾಲಿ ಮನೆ ನಿಲ್ಲಿಸುವ ಖಾಸಗಿ ಆರ್‌ವಿ ಪಾರ್ಕಿನಲ್ಲಿ ಒಂದು ರಾತ್ರಿ ಜಾಗ ಸಿಗುವುದೂ ಕಷ್ಟ. ಅದನ್ನು ಉಳಿಸಲು ಫ್ಲಾಗ್‌ಸ್ಟಾಫ್ ಊರಿನ ಕಡೆಯ ಏರುದಾರಿಯಲ್ಲಿ ಎದೆ ಢವಗುಟ್ಟಿಸಿಕೊಂಡು ಗಾಡಿ ಎಳೆಯಬೇಕೇ? ತಿಂಗಳಿಗೆ ಹನ್ನೆರಡೂವರೆ ಡಾಲರ್ ಬೇರೆ ಖಾತೆಗೆ ಹಾಕುತ್ತೇನೆ. ಹೊತ್ತು ಬಂದಾಗ ಕ್ರೆಡಿಟ್ ಕಾರ್ಡ್ ತಡಕಾಡುವ ಪ್ರಮೇಯವಿಲ್ಲ.

ಐದೇ ಏಕೆ ಎಂದು ಕೇಳಬಹುದು. ಟೈರಿನ ವಯಸ್ಸಿಗೆ ಅಮೆರಿಕದಲ್ಲಿ ಕೇಂದ್ರ ಕಾನೂನಿಲ್ಲ. ಕೆಲವು ಕಾರು ಕಂಪನಿಗಳು ಆರು ವರ್ಷ ಅನ್ನುತ್ತವೆ. ಐದರ ನಂತರ ವರ್ಷಕ್ಕೊಮ್ಮೆ ತೋರಿಸಿ, ಹತ್ತಕ್ಕೆ ಏನೇ ಆದರೂ ತೆಗೆಯಿರಿ ಎನ್ನುತ್ತದೆ ಮಿಶೆಲಿನ್. ಇವೆಲ್ಲ ಹೆಚ್ಚಾಗಿ ಕಾರನ್ನು ನೆನೆದು ಹೇಳಿದ ಮಾತು. ಟ್ರೇಲರಿನ ಟೈರು ತನ್ನ ಮಿತಿಯ ಹತ್ತಿರದ ಭಾರ ಹೊರುತ್ತದೆ, ಬಿಗಿ ತಿರುವಿನಲ್ಲಿ ಪಕ್ಕಕ್ಕೆ ಉಜ್ಜಿಸಿಕೊಳ್ಳುತ್ತದೆ. ಮೂರೇ ವರ್ಷ ಸಾಕು ಅನ್ನುವವರಲ್ಲಿ ಟೈರು ಮಾರುವವರೇ ಜಾಸ್ತಿ, ಅದನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ತಂಪು ಊರಿನಲ್ಲಿ, ಮುಚ್ಚಿದ ಶೆಡ್ಡಿನಲ್ಲಿ ಇಡುವವರು ಆರೋ ಏಳೋ ವರ್ಷ ಓಡಿಸಿದರೆ ಜಗಳವಿಲ್ಲ. ನಮ್ಮ ಬಿಸಿಲಿಗೆ ಐದೇ.

ವಯಸ್ಸು ಟೈರಿನ ಮೇಲೆಯೇ ಬರೆದಿರುತ್ತದೆ. ಡಾಟ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದರೆ 2019ರ 23ನೇ ವಾರ. ಕೆಲವೊಮ್ಮೆ ಈ ಅಂಕಿ ಒಳಬದಿಗಿರುತ್ತದೆ. ಗಾಡಿಯಡಿ ತೂರುವ ಬದಲು ಮೊಬೈಲ್ ತೂರಿಸಿ ಫೋಟೋ ತೆಗೆದರಾಯಿತು. ಕೊಳ್ಳುವಾಗಲೂ ಇದನ್ನೇ ಓದಬೇಕು. ಒಮ್ಮೆ ಅಂಗಡಿಯೊಂದರಲ್ಲಿ ನನ್ನ ಮುಂದೆ ತಂದಿಟ್ಟ "ಹೊಸ" ಟೈರು ತಯಾರಾಗಿ ಎರಡು ವರ್ಷವಾಗಿತ್ತು. ಐದರಲ್ಲಿ ಎರಡು ಆಗಲೇ ಖರ್ಚು, ಬೆಲೆ ಮಾತ್ರ ಪೂರ್ತಿ. ಬೇಡವೆಂದೆ. ಸ್ಟೆಪ್ನಿಯನ್ನು ಮರೆಯಬೇಡಿ, ಓಡದಿದ್ದರೂ ಅದೂ ಅದೇ ಬಿಸಿಲು ಉಂಡಿದೆ.

ವಯಸ್ಸಿನಲ್ಲಿ ಚೌಕಾಸಿ ಮಾಡುವ ಬದಲು ಗಾಳಿಯಲ್ಲಿ ಜಾಗ್ರತೆ ವಹಿಸಿದರೆ ದುಡ್ಡು ಉಳಿಯುತ್ತದೆ. ಅಗ್ಗದ ಟೈರುಗಳನ್ನು ಇಲ್ಲಿನವರು "ಚೈನಾ ಬಾಂಬ್" ಎಂದು ಬೈಯುತ್ತಾರೆ. ಕಡಿಮೆ ಗಾಳಿ, ಅತಿ ಭಾರ ಇದ್ದರೆ ಯಾವ ದೇಶದ ಟೈರಾದರೂ ಬಾಂಬೇ. 2000ರಲ್ಲಿ ಫೈರ್‌ಸ್ಟೋನ್ ಟೈರುಗಳ ಪಟ್ಟಿ ಕಿತ್ತುಬಂದ ಪ್ರಕರಣದ ನಂತರ ಬಂದ ಕಾನೂನಿನಿಂದ ಕಾರುಗಳಿಗೆ ಗಾಳಿಯ ಒತ್ತಡ ತಿಳಿಸುವ ಟಿಪಿಎಂಎಸ್ ಕಡ್ಡಾಯವಾಯಿತು, ಟ್ರೇಲರಿಗೆ ಆಗಲಿಲ್ಲ. ಅದನ್ನು ನಾವೇ ಕೊಂಡು ಹಾಕಿಕೊಳ್ಳಬೇಕು. ಹೊರಡುವ ಮುನ್ನ ಟೈರು ತಣ್ಣಗಿದ್ದಾಗಲೇ ಗಾಳಿ ನೋಡಿ. ನಿಂತಿರುವಾಗ ಬಿಳಿ ಹೊದಿಕೆ ಹಾಕಿ. ಟ್ರಕ್ ಸ್ಟಾಪಿನಲ್ಲಿ ಒಮ್ಮೆ ಗಾಡಿ ತೂಗಿಸಿ.

ಊರಿನಲ್ಲಿರುವವರಿಗೂ ಒಂದು ಮಾತು. ಮಕ್ಕಳೆಲ್ಲ ದೂರದಲ್ಲಿ, ಮನೆಯ ಕಾರು ಶೆಡ್ಡಿನಲ್ಲಿ. ಅದು ಹೊರಗೆ ಬರುವುದು ಮದುವೆಗೋ ಧರ್ಮಸ್ಥಳಕ್ಕೋ ಮಾತ್ರ. ಅದರ ಟೈರಿನ ಮೇಲೂ ವಾರ, ವರ್ಷದ ನಾಲ್ಕು ಅಂಕಿ ಇವೆ. ಘಾಟಿ ಇಳಿಯುವ ಮೊದಲು ಓದಿ ನೋಡಿ. ಆರು ವರ್ಷ ದಾಟಿದ್ದರೆ ತಿಳಿದವರಿಗೆ ತೋರಿಸಿ. ಹತ್ತು ದಾಟಿದ್ದರೆ ತೋರಿಸುವುದೂ ಬೇಡ, ಬದಲಿಸಿ.