ಹನ್ನೆರಡು ಮನೆಗಳಲ್ಲಿ ಎಂಟು ಖಾಲಿ: ಪೈಥಾನ್ ಸ್ಟೇಟ್ ಮಷೀನ್‌ಗೆ ಟೆಸ್ಟ್ ಬರೆಯುವುದು ಹೇಗೆ?

ಸಂಪಿನಲ್ಲಿ ನೀರಿಲ್ಲ. ಮಹಡಿ ಮೇಲಿನ ಟ್ಯಾಂಕಿನ ಸೆನ್ಸರ್ ಮಾತ್ರ ‘ಖಾಲಿ, ಖಾಲಿ’ ಎಂದು ಒಂದೇ ಸಮ ಕೂಗುತ್ತಿದೆ. ಪೈಥಾನ್‌ನಲ್ಲಿ ಬರೆದ ಕಂಟ್ರೋಲರ್ ಅದರ ಮಾತು ಕೇಳಿ ಮೋಟರ್ ಹಾಕಿಬಿಡುತ್ತದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ತಮಾಷೆಯೆಂದರೆ, ಆ ಕೋಡಿನ ಟೆಸ್ಟ್‌ಗಳೆಲ್ಲ ಪಾಸಾಗಿರುತ್ತವೆ. ಹೊಸಬರ ಕೋಡ್ ಪರಿಶೀಲಿಸುವಾಗ ನನಗೆ ಮತ್ತೆ ಮತ್ತೆ ಸಿಗುವ ತಪ್ಪು ಇದು: ಆಗಬೇಕಾದದ್ದು ಆಗುತ್ತದೆಯೇ ಎಂದು ನೋಡಿರುತ್ತಾರೆ, ಆಗಬಾರದ್ದು ಆಗದೆ ಇರುತ್ತದೆಯೇ ಎಂದು ನೋಡಿರುವುದಿಲ್ಲ.

ಸ್ಟೇಟ್ ಮಷೀನ್ ಎಂದರೆ ಇಷ್ಟೇ: ಯಂತ್ರ ಯಾವಾಗಲೂ ಎಣಿಸಿಟ್ಟ ಕೆಲವು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ, ಘಟನೆಯೊಂದು ಬಂದಾಗ ಇನ್ನೊಂದಕ್ಕೆ ಹೋಗುತ್ತದೆ, ಹೋಗುವಾಗ ಏನಾದರೂ ಕೆಲಸ ಮಾಡುತ್ತದೆ. 1955ರಲ್ಲಿ ಮೀಲಿ, 1956ರಲ್ಲಿ ಮೂರ್ ಇದಕ್ಕೆ ಗಣಿತದ ರೂಪ ಕೊಟ್ಟರು. ಪಂಪಿಗೆ ಅಷ್ಟು ಇತಿಹಾಸ ಸಾಕು. ಕೋಡನ್ನು ಇಲ್ಲಿ ಅಚ್ಚು ಹಾಕುತ್ತಿಲ್ಲ. ಪತ್ರಿಕೆಯ ಕಾಲಮ್ಮಿನಲ್ಲಿ ಸಾಲು ಮುರಿದರೆ ಪೈಥಾನಿನ ಇಂಡೆಂಟ್ ಕೆಡುತ್ತದೆ, ಇಂಡೆಂಟ್ ಕೆಟ್ಟರೆ ಪೈಥಾನೇ ಇಲ್ಲ.

ಕೀಬೋರ್ಡ್ ಮುಟ್ಟುವ ಮೊದಲು ಕಾಗದ ತೆಗೆದುಕೊಳ್ಳಿ. ನಮ್ಮ ಪಂಪಿಗೆ ಮೂರು ಸ್ಥಿತಿ: ನಿಂತಿದೆ, ಓಡುತ್ತಿದೆ, ಟ್ರಿಪ್ ಆಗಿದೆ. ಘಟನೆಗಳು ನಾಲ್ಕು: ಟ್ಯಾಂಕ್ ಖಾಲಿ, ಟ್ಯಾಂಕ್ ಭರ್ತಿ, ಸಂಪು ಒಣಗಿತು, ರೀಸೆಟ್. ಸ್ಥಿತಿಗಳನ್ನು ಅಡ್ಡಕ್ಕೆ, ಘಟನೆಗಳನ್ನು ಉದ್ದಕ್ಕೆ ಬರೆದು ಚೌಕಾಬಾರದ ಹಾಗೆ ಮನೆ ಹಾಕಿ. ಹನ್ನೆರಡು ಮನೆಗಳಾದವು. ನಿಂತಿದ್ದಾಗ ಟ್ಯಾಂಕ್ ಖಾಲಿಯಾದರೆ ಓಡು. ಓಡುವಾಗ ಭರ್ತಿಯಾದರೆ ನಿಲ್ಲು. ಓಡುವಾಗ ಸಂಪು ಒಣಗಿದರೆ ಟ್ರಿಪ್. ಟ್ರಿಪ್ ಆದಾಗ ರೀಸೆಟ್ ಒತ್ತಿದರೆ ನಿಲ್ಲು. ತುಂಬಿದ್ದು ನಾಲ್ಕೇ ಮನೆ. ಬಹುಪಾಲು ಜನ ಆ ನಾಲ್ಕಕ್ಕೆ ನಾಲ್ಕು ಟೆಸ್ಟ್ ಬರೆದು ಎದ್ದುಬಿಡುತ್ತಾರೆ.

ಉಳಿದ ಎಂಟರಲ್ಲೇ ಇರುವುದು ಅಪಾಯ. ಟ್ರಿಪ್ ಆಗಿರುವಾಗ ‘ಟ್ಯಾಂಕ್ ಖಾಲಿ’ ಬಂದರೆ? ಸುಮ್ಮನಿರಬೇಕು. ಆದರೆ ಮೊದಲ ಆವೃತ್ತಿಯಲ್ಲಿ ಎರಡೇ ಸ್ಥಿತಿ ಇತ್ತು, ಆಗ ಯಾರೋ ‘ಓಡುತ್ತಿಲ್ಲದಿದ್ದರೆ ಮೋಟರ್ ಹಾಕು’ ಎಂದು ಬರೆದಿದ್ದರು. ಆಗ ಅದು ಸರಿಯೇ. ಆಮೇಲೆ ಟ್ರಿಪ್ ಎಂಬ ಮೂರನೆಯದು ಬಂದು ಸೇರಿತು. ಟ್ರಿಪ್ ಆದ ಪಂಪೂ ‘ಓಡುತ್ತಿಲ್ಲ’ದ ಪಂಪೇ. ಹಳೆಯ ಟೆಸ್ಟ್‌ಗಳು ಹಸಿರಾಗಿಯೇ ಉಳಿದವು, ಏಕೆಂದರೆ ಆ ಮನೆಗೆ ಯಾರೂ ಕಾಲಿಟ್ಟಿರಲಿಲ್ಲ.

ಇನ್ನೊಂದು ಮನೆ ನೋಡಿ: ನಿಂತಿರುವಾಗ ಸಂಪು ಒಣಗಿದರೆ? ‘ಮೋಟರ್ ಓಡುತ್ತಿಲ್ಲವಲ್ಲ, ಏನಂತೆ’ ಎಂದು ಖಾಲಿ ಬಿಟ್ಟರೆ, ಮುಂದಿನ ‘ಟ್ಯಾಂಕ್ ಖಾಲಿ’ಗೆ ಪಂಪ್ ಒಣ ಸಂಪಿನ ಮೇಲೆಯೇ ಶುರುವಾಗುತ್ತದೆ. ಹಾಗಾಗಿ ಅದೂ ಟ್ರಿಪ್‌ಗೆ ಹೋಗಬೇಕು, ನಾಲ್ಕಿದ್ದದ್ದು ಐದಾಯಿತು. ಒಂದು ಸಾಲು ಟೆಸ್ಟ್ ಬರೆಯುವ ಮುನ್ನವೇ ವಿನ್ಯಾಸದ ತೂತು ಸಿಕ್ಕಿತು.

ಉಳಿದ ಏಳು ಮನೆಗಳಿಗೆ ‘ಏನೂ ಮಾಡಬೇಡ’ ಎಂದು ಬರೆಯಿರಿ, ಖಾಲಿ ಬಿಡಬೇಡಿ. ಏನೂ ಮಾಡದಿರುವುದೂ ಒಂದು ತೀರ್ಮಾನ. ಕೆಲವರು ಇಲ್ಲಿ ಎಕ್ಸೆಪ್ಷನ್ ಎಸೆಯಿರಿ ಎನ್ನುತ್ತಾರೆ. ಸೆನ್ಸರ್ ಒಂದೇ ಮಾತನ್ನು ಹತ್ತು ಸಲ ಹೇಳುವುದು ಸಹಜ. ಅದಕ್ಕೆಲ್ಲ ಎಕ್ಸೆಪ್ಷನ್ ಎಸೆದರೆ, ಮೋಟರ್ ಓಡುತ್ತಿರುವಾಗಲೇ ಪ್ರೋಗ್ರಾಂ ಮಕಾಡೆ ಮಲಗೀತು. ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಾಗುವುದು ವಾಸಿ ಎಂಬುದು ನನ್ನ ಅಭಿಪ್ರಾಯ.

ಈಗ ಕೋಡ್. ಪಂಪಿನ ಕ್ಲಾಸ್ ಮೋಟರನ್ನು ತಾನೇ ಒಳಗೆ ಸೃಷ್ಟಿಸಿಕೊಳ್ಳಬಾರದು, ಹೊರಗಿನಿಂದ ಆರ್ಗ್ಯುಮೆಂಟ್ ಆಗಿ ಪಡೆಯಬೇಕು. ಹಾಗಿದ್ದರೆ ಟೆಸ್ಟ್‌ನಲ್ಲಿ ನಿಜವಾದ ಮೋಟರಿನ ಜಾಗಕ್ಕೆ ಮಾಕ್ ಇಡಬಹುದು. ಪೈಥಾನ್ 3.3ರಿಂದ ಯೂನಿಟ್‌ಟೆಸ್ಟ್ ಜೊತೆಗೇ ಮಾಕ್ ಬರುತ್ತದೆ. ಬರೀ ಮಾಕ್ ಬೇಡ, ‘ಕ್ರಿಯೇಟ್ ಆಟೋಸ್ಪೆಕ್’ ಬಳಸಿ. ಬರೀ ಮಾಕ್ ಕರೆದವರಿಗೆಲ್ಲ ಹೂಂಗುಟ್ಟುತ್ತದೆ: ಮೋಟರಿಗೆ ಇಲ್ಲದ ಮೆಥಡ್ ಕರೆದರೂ ತಕರಾರಿಲ್ಲ. ಆಟೋಸ್ಪೆಕ್ ಆದರೆ ಇಲ್ಲದ ಹೆಸರಿಗೆ ಅಲ್ಲೇ ಎರರ್ ಕೊಡುತ್ತದೆ.

ಕಾಗದದ ಹನ್ನೆರಡು ಮನೆಗಳನ್ನು ಟೆಸ್ಟ್ ಫೈಲಿನಲ್ಲಿ ಕೈಯಾರೆ ಡಿಕ್ಷನರಿಯಾಗಿ ಬರೆಯಿರಿ: ಕೀ ಜಾಗದಲ್ಲಿ ಸ್ಥಿತಿ ಮತ್ತು ಘಟನೆಯ ಜೋಡಿ, ಬೆಲೆಯ ಜಾಗದಲ್ಲಿ ಮುಂದಿನ ಸ್ಥಿತಿ ಮತ್ತು ಮೋಟರಿಗೆ ಹೋಗಬೇಕಾದ ಕರೆಗಳು. ಮೂಲ ಕೋಡಿನಲ್ಲಿರುವ ಡಿಕ್ಷನರಿಯನ್ನೇ ಇಂಪೋರ್ಟ್ ಮಾಡಿಕೊಳ್ಳಬೇಡಿ. ಅದು ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನೇ ಕೀ ಉತ್ತರವಾಗಿಟ್ಟು ಅಂಕ ಕೊಟ್ಟ ಹಾಗೆ. ಇದರ ಜೊತೆಗೆ ಡಿಕ್ಷನರಿಯ ಉದ್ದ, ಸ್ಥಿತಿಗಳ ಸಂಖ್ಯೆ ಗುಣಿಸು ಘಟನೆಗಳ ಸಂಖ್ಯೆಗೆ ಸಮ ಎಂದು ಒಂದು ಟೆಸ್ಟ್ ಇರಲಿ. ನಾಳೆ ಯಾರಾದರೂ ನಾಲ್ಕನೆಯ ಸ್ಥಿತಿ ಸೇರಿಸಿದರೆ ಈ ಪುಟ್ಟ ಟೆಸ್ಟ್ ಕೆಂಪಾಗಿ, ಹೊಸ ಮನೆಗಳನ್ನು ತುಂಬು ಎನ್ನುತ್ತದೆ. ಹಳೆಯ ‘ಓಡುತ್ತಿಲ್ಲದಿದ್ದರೆ’ ಸಾಲು ಸಿಕ್ಕಿಬೀಳುವುದು ಹೀಗೆ.

ಪೈಟೆಸ್ಟ್ ಬಳಸುವವರು ಈ ಡಿಕ್ಷನರಿಯನ್ನು ‘ಪ್ಯಾರಾಮೆಟ್ರೈಜ್’ಗೆ ಕೊಟ್ಟರೆ ಹನ್ನೆರಡು ಪ್ರತ್ಯೇಕ ಟೆಸ್ಟ್ ಓಡುತ್ತವೆ. ಯೂನಿಟ್‌ಟೆಸ್ಟ್‌ನವರಿಗೆ ‘ಸಬ್‌ಟೆಸ್ಟ್’ ಇದೆ, 3.4ರಿಂದ. ಬರೀ ಫಾರ್ ಲೂಪ್ ಹಾಕಿದರೆ ಮೊದಲ ತಪ್ಪಿಗೇ ನಿಂತುಹೋಗುತ್ತದೆ, ಉಳಿದವು ಕಾಣುವುದಿಲ್ಲ. ಲೂಪಿನ ಪ್ರತಿ ಸುತ್ತಿಗೂ ಹೊಸ ಪಂಪ್, ಹೊಸ ಮಾಕ್.

ಪ್ರತಿ ಟೆಸ್ಟ್‌ನ ನಡೆ ಹೀಗೆ. ಬೇಕಾದ ಸ್ಥಿತಿಗೆ ಘಟನೆಗಳ ಮೂಲಕವೇ ಹೋಗಿ. ಟ್ರಿಪ್ ಬೇಕಿದ್ದರೆ ‘ಟ್ಯಾಂಕ್ ಖಾಲಿ’, ‘ಸಂಪು ಒಣಗಿತು’ ಎರಡನ್ನೂ ಕಳಿಸಿ. ಸ್ಥಿತಿಯ ವೇರಿಯಬಲ್‌ಗೆ ನೇರವಾಗಿ ಟ್ರಿಪ್ ಎಂದು ತುಂಬುವುದು ಸುಲಭ, ಆದರೆ ನಿಜದಲ್ಲಿ ಎಂದೂ ಇರದ ಪಂಪನ್ನು ಪರೀಕ್ಷಿಸಿದಂತಾಗಬಹುದು. ಆಮೇಲೆ ಮಾಕ್ ಮೇಲೆ ‘ರೀಸೆಟ್ ಮಾಕ್’ ಕರೆಯಿರಿ. ಇದನ್ನು ಮರೆತರೆ ದಾರಿಯಲ್ಲಿ ಆದ ಕರೆಗಳೂ ಲೆಕ್ಕಕ್ಕೆ ಬಂದು ತಲೆ ಕೆಡುತ್ತದೆ. ಈಗ ಪರೀಕ್ಷಿಸಬೇಕಾದ ಘಟನೆ ಕಳಿಸಿ.

ಕೊನೆಗೆ ಎರಡು ತಪಾಸಣೆ: ಸ್ಥಿತಿ ಸರಿಯೇ, ಮಾಕ್‌ನ ‘ಮಾಕ್ ಕಾಲ್ಸ್’ ಪಟ್ಟಿ ನಿರೀಕ್ಷಿಸಿದಂತಿದೆಯೇ. ಎರಡನೆಯದನ್ನು ಬಿಡುವವರೇ ಹೆಚ್ಚು. ಸ್ಥಿತಿ ಟ್ರಿಪ್ ಎಂದೇ ಇದ್ದು, ಹ್ಯಾಂಡ್ಲರ್ ಮಾತ್ರ ಮೋಟರ್ ಹಾಕಿಬಿಟ್ಟಿರಬಹುದು. ಸ್ಥಿತಿಯೊಂದನ್ನೇ ನೋಡುವ ಟೆಸ್ಟ್‌ಗೆ ಇದು ಕಾಣುವುದೇ ಇಲ್ಲ. ‘ಏನೂ ಮಾಡಬೇಡ’ದ ಏಳೂ ಮನೆಗಳಲ್ಲಿ ಆ ಪಟ್ಟಿ ಖಾಲಿಯಿರಲೇಬೇಕು.

ಇನ್ನು ಉಳಿದದ್ದು ಚುಟುಕಾಗಿ. ರಿಲೇ ಕೈಕೊಟ್ಟರೆ ಏನಾಗುತ್ತದೆಂದು ನೋಡಲು ಮಾಕ್‌ನ ‘ಸೈಡ್ ಎಫೆಕ್ಟ್’ಗೆ ಓಎಸ್ ಎರರ್ ಕೊಡಿ. ಕೋಡ್ ಮೊದಲು ಸ್ಥಿತಿ ಬದಲಿಸಿ ಆಮೇಲೆ ಮೋಟರ್ ಹಾಕುತ್ತಿದ್ದರೆ, ನಿಂತ ಮೋಟರಿಗೆ ‘ಓಡುತ್ತಿದೆ’ ಎಂಬ ಹಣೆಪಟ್ಟಿ ಉಳಿಯುತ್ತದೆ. ಮುಂದಿನ ‘ಟ್ಯಾಂಕ್ ಖಾಲಿ’ಗಳೆಲ್ಲ ವ್ಯರ್ಥ. ಟೈಮರ್ ಇದ್ದರೆ ಟೆಸ್ಟ್‌ನಲ್ಲಿ ಸ್ಲೀಪ್ ಹಾಕಿ ಕಾಯಬೇಡಿ; ಗಡಿಯಾರವನ್ನೂ ಮೋಟರಿನಂತೆ ಹೊರಗಿನಿಂದ ಕೊಟ್ಟು ಮುಳ್ಳನ್ನು ನೀವೇ ತಿರುಗಿಸಿ. ಹ್ಯಾಂಡ್ಲರ್ ಒಳಗಿಂದಲೇ ಇನ್ನೊಂದು ಘಟನೆ ಹುಟ್ಟುವುದಾದರೆ ಅದನ್ನು ಕ್ಯೂಗೆ ಸೇರಿಸಿ, ಕೈಲಿರುವ ಘಟನೆ ಮುಗಿದ ಮೇಲೆಯೇ ತೆಗೆಯಿರಿ. ಕರೆಗಳ ಪಟ್ಟಿಯಲ್ಲಿ ಕ್ರಮ ಸರಿಯಿದೆಯೇ ಎಂದೂ ನೋಡಿ.