ಚರ್ಮದ ಚಿಕಿತ್ಸೆ ಚೆನ್ನಾಗಿದೆ ಎಂದು ಅಳೆಯುವುದು ಹೇಗೆ?

ಪ್ರಶ್ನೆ: ಆಪರೇಷನ್ ಆದರೆ ಎಷ್ಟು ಜನ ಬದುಕಿದರು, ಹೆರಿಗೆಯಾದರೆ ತಾಯಿ-ಮಗು ಕ್ಷೇಮವೇ ಎಂದು ಲೆಕ್ಕ ಹಾಕಬಹುದು. ಚರ್ಮರೋಗದಿಂದ ಸಾಯುವವರು ಕಡಿಮೆ. ಹಾಗಿದ್ದರೆ ಅದರ ಚಿಕಿತ್ಸೆಯ ಗುಣಮಟ್ಟವನ್ನು ಯಾವುದರಿಂದ ಅಳೆಯುತ್ತಾರೆ?
– ಓದುಗರೊಬ್ಬರು, ಗುಡೇಮಾರನಹಳ್ಳಿ, ಮಾಗಡಿ ತಾಲ್ಲೂಕು

ಉತ್ತರ: ಸಾವಿನ ಲೆಕ್ಕ ಇಲ್ಲಿ ಹೆಚ್ಚು ನೆರವಿಗೆ ಬಾರದು ಎಂಬ ನಿಮ್ಮ ಊಹೆ ಸರಿ. ಹಾಗಾಗಿಯೇ ಬೇರೆ ಅಳತೆಗಳನ್ನು ರೂಪಿಸಬೇಕಾಯಿತು.

ಯಾವುದೇ ಚಿಕಿತ್ಸೆಯನ್ನು ಮೂರು ಕಡೆಯಿಂದ ನೋಡಬೇಕು ಎಂದು ಅವೆಡಿಸ್ ಡೊನಾಬೆಡಿಯನ್ ಎಂಬ ವೈದ್ಯರು 1966ರಲ್ಲಿ ಬರೆದರು: ಏನೇನು ಇದೆ, ಏನು ಮಾಡಿದರು, ಕೊನೆಗೆ ಏನಾಯಿತು. ಮೊದಲನೆಯದು ಸುಲಭ. ವೈದ್ಯರಿದ್ದಾರೆಯೇ, ಔಷಧಿ ಇದೆಯೇ ಎಂದು ಎಣಿಸಿದರಾಯಿತು. ಬೀರುವಿನಲ್ಲಿ ಔಷಧಿ ಇದ್ದ ಮಾತ್ರಕ್ಕೆ ಯಾರಿಗೂ ಗುಣವಾಗುವುದಿಲ್ಲ, ಅದು ಬೇರೆ ಮಾತು.

ಎರಡನೆಯದಕ್ಕೆ ಹುಳುಕಡ್ಡಿಯನ್ನೇ ತೆಗೆದುಕೊಳ್ಳಿ. ಅದು ಶಿಲೀಂಧ್ರದ ಸೋಂಕು. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಬೇಗ ಇಳಿಯುತ್ತದೆ, ರೋಗಿಗೂ ಸಮಾಧಾನ. ಸೋಂಕು ಮಾತ್ರ ಹಬ್ಬುತ್ತಲೇ ಇರುತ್ತದೆ. ಇಲ್ಲಿ ರೋಗಿಯ ತೃಪ್ತಿಯನ್ನಷ್ಟೇ ಕೇಳಿದರೆ ಮೋಸ ಹೋಗುತ್ತೇವೆ. ಹುಳುಕಡ್ಡಿಗೆ ಬರೆದ ಚೀಟಿಗಳಲ್ಲಿ ಎಷ್ಟರಲ್ಲಿ ಸ್ಟೀರಾಯ್ಡ್ ಇತ್ತು ಎಂದು ಎಣಿಸುವುದೇ ಮೇಲು.

ಮೂರನೆಯದು ಫಲ. ಸೋರಿಯಾಸಿಸ್‌ಗೆ ‘ಪಾಸಿ’ ಎಂಬ ಅಂಕವಿದೆ. ಕೆಂಪು, ದಪ್ಪ, ಹೊಟ್ಟು, ಹರಡಿದ ಜಾಗ ಎಲ್ಲ ಸೇರಿಸಿ 0ಯಿಂದ 72ರವರೆಗೆ ಕೊಡುತ್ತಾರೆ. ಅದು ವೈದ್ಯರ ಕಣ್ಣಿನ ಲೆಕ್ಕ. ರೋಗಿಯ ಲೆಕ್ಕ ಹಿಡಿಯಲು ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಫಿನ್ಲೆ ಮತ್ತು ಖಾನ್ 1994ರಲ್ಲಿ 10 ಪ್ರಶ್ನೆಗಳ ಪಟ್ಟಿ ಮಾಡಿದರು: ಕಳೆದ ವಾರ ತುರಿಕೆ ಎಷ್ಟಿತ್ತು, ಮುಜುಗರವಾಯಿತೇ, ಉಡುಪಿಗೆ, ಕೆಲಸಕ್ಕೆ ಅಡ್ಡಿಯಾಯಿತೇ ಎಂಬಂಥವು. ಎರಡೂ ಲೆಕ್ಕ ತಾಳೆಯಾಗಲೇಬೇಕೆಂದಿಲ್ಲ. ರಾಮನಗರದ ರೀಲಿಂಗ್ ಘಟಕದಲ್ಲಿ ಬಿಸಿನೀರಿನಲ್ಲಿ ರೇಷ್ಮೆಗೂಡು ತಿರುವುವ ಹೆಣ್ಣುಮಗಳಿಗೆ ಅಂಗೈಯಲ್ಲಿ ನಾಲ್ಕು ಬಿರುಕು ಸಾಕು, ಅಂದಿನ ಕೂಲಿ ಹೋಗುತ್ತದೆ.

ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಮಾಗಡಿ ರಸ್ತೆಯ ಸುಮನಹಳ್ಳಿ ದಾಟಿರುತ್ತೀರಿ. ಕುಷ್ಠರೋಗಿಗಳ ಪುನರ್ವಸತಿಗೆಂದು 1970ರ ದಶಕದ ಕೊನೆಯಲ್ಲಿ ಅಲ್ಲಿ ಸಂಸ್ಥೆಯೊಂದು ಶುರುವಾಯಿತು. ಚರ್ಮದ ರೋಗಗಳಲ್ಲಿ ಅಳತೆಯ ಕೆಲಸ ಹೆಚ್ಚು ಪಳಗಿರುವುದು ಈ ಕುಷ್ಠದಲ್ಲೇ. ಗೊಂದಲ ಹುಟ್ಟುವುದೂ ಇಲ್ಲೇ. 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಗುರಿಯನ್ನು ದೇಶ 2005ರ ಡಿಸೆಂಬರ್ ಹೊತ್ತಿಗೆ ಮುಟ್ಟಿತು. ರೋಗವೇ ಹೋಯಿತು ಎಂದು ಹಲವರು ತಿಳಿದರು. ಆದರೆ ಆ ಸಂಖ್ಯೆಗೆ ಸೇರುವುದು ಆ ಹೊತ್ತಿನಲ್ಲಿ ಚಿಕಿತ್ಸೆಯ ಪಟ್ಟಿಯಲ್ಲಿರುವವರು ಮಾತ್ರ. ಮಚ್ಚೆ ಹೆಚ್ಚಿದ್ದವರ ಚಿಕಿತ್ಸೆಯನ್ನು 24 ತಿಂಗಳಿಂದ 12 ತಿಂಗಳಿಗೆ ಇಳಿಸಿದಾಗ, ಹೊಸ ರೋಗಿಗಳು ಮೊದಲಿನಷ್ಟೇ ಬರುತ್ತಿದ್ದರೂ ಪಟ್ಟಿ ಕಿರಿದಾಗುತ್ತದೆ. ಇನ್ನು ಆಶಾ ಕಾರ್ಯಕರ್ತೆಯರು ಮನೆಮನೆ ಹುಡುಕಿದ ವರ್ಷ ಹೊಸ ರೋಗಿಗಳ ಸಂಖ್ಯೆ ಏರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ; ಹುಡುಕಾಟ ಚೆನ್ನಾಗಿ ನಡೆದಿದೆ ಎಂದೂ ಆಗಬಹುದು.

ಹಾಗಾಗಿ ಇನ್ನೊಂದು ಅಳತೆ ಬೇಕಾಯಿತು. ಹೊಸದಾಗಿ ಪತ್ತೆಯಾದವರಲ್ಲಿ ಎಷ್ಟು ಜನರಿಗೆ ಆಗಲೇ ಕಣ್ಣಿಗೆ ಕಾಣುವ ಊನ, ಅಂದರೆ ಮಡಚಿದ ಬೆರಳು, ಪಾದದ ಹುಣ್ಣು ಇತ್ತು? ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎರಡನೆಯ ದರ್ಜೆಯ ಊನ ಎನ್ನುತ್ತದೆ. ಬೆರಳು ಒಂದೇ ದಿನದಲ್ಲಿ ಮಡಚಿಕೊಳ್ಳುವುದಿಲ್ಲ. ಇಂಥವರ ಪಾಲು ಹೆಚ್ಚಿದ್ದರೆ ರೋಗ ತಡವಾಗಿ ಪತ್ತೆಯಾಗುತ್ತಿದೆ ಎಂದೇ ಅರ್ಥ. ನನ್ನ ಮಟ್ಟಿಗೆ ಈ ಎಲ್ಲ ಅಳತೆಗಳಲ್ಲಿ ಹೆಚ್ಚು ನಿಷ್ಠುರವಾದದ್ದು ಇದೇ.

ಆದರೆ ಇದನ್ನು ಒಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಚ್ಚಿ ನೋಡಬೇಡಿ. ವರ್ಷಕ್ಕೆ ಒಬ್ಬರೇ ಹೊಸ ರೋಗಿ, ಅವರಿಗೇ ಊನ ಎಂದರೆ ಶೇ. 100 ಆಗಿಬಿಡುತ್ತದೆ! ಇಡೀ ಜಿಲ್ಲೆಯ ಕೆಲವು ವರ್ಷಗಳ ಲೆಕ್ಕ ಒಟ್ಟಿಗಿಟ್ಟು ನೋಡಬೇಕು. ಒಂದು ಕೇಂದ್ರದ ಮಟ್ಟದಲ್ಲಿ, ಬಿಳಿಚಿದ ಮಚ್ಚೆ ತೋರಿಸಲು ಬಂದವರಲ್ಲಿ ಎಷ್ಟು ಜನರಿಗೆ ಸ್ಪರ್ಶ ಪರೀಕ್ಷೆ ಮಾಡಿದರು ಎಂದು ಎಣಿಸಬಹುದು. ಕಣ್ಣು ಮುಚ್ಚಿಸಿ, ಬಾಲ್‌ಪೆನ್ನಿನ ತುದಿಯನ್ನು ಮಚ್ಚೆಗೆ ಮುಟ್ಟಿಸಿ, ಎಲ್ಲಿ ಮುಟ್ಟಿದ್ದು ಎಂದು ಕೇಳುವ ಪರೀಕ್ಷೆ ಅದು; ಅದಕ್ಕೆ ಯಂತ್ರ ಬೇಡ, ಎರಡು ನಿಮಿಷ ಸಾಕು.